ದೋಣಿ ಹೊತ್ತವರ ಚಿತ್ರ

"ಕುರ್ಚಿ ಎಲ್ಲಾ ಚರ್ಚಿಗೆ ವಾಪಸ್ ಹೋದ್ವು. ಇನ್ನು ಈ ಟೀ ಪಾತ್ರೆ ಒಂದೇ," ಎಂದಳು ಪಕ್ಕದ ಮನೆಯ ಕನ್ಸೆಪ್ಟಾ, ಅದರ ತಳ ಉಜ್ಜುತ್ತ. "ನಿನ್ನ ಗಂಡನ ಕಡೆಯೋರು ಹ್ಯಾಮ್ ಸ್ಯಾಂಡ್‌ವಿಚ್ ತಿಂದ ಪರಿ ನೋಡಿದ್ಯಾ ಪುಟ್ಟಿ? ಶವದ ಪೆಟ್ಟಿಗೆಯೊಳಗಿಂದ ನಿನ್ನ ಫಿಂಟನ್ ಎದ್ದು ಕೂತು, ನನಗೂ ಒಂದು ಉಳಿಸ್ರಪ್ಪಾ ಅನ್ಬೇಕಿತ್ತು."

ನೆಸ್ಸಾಳಿಗೆ ನಗು ತುಟಿಯವರೆಗೆ ಬಂದು ನಿಂತಿತು. ಫಿಂಟನ್‌ನನ್ನು ಮಣ್ಣು ಮಾಡಿ ಬಂದದ್ದು ನಿನ್ನೆ. ಇವತ್ತು ಹಾಲಿನವನು ಎಂದಿನಂತೆ ಇಬ್ಬರಿಗಾಗುವಷ್ಟು ಹಾಲು ಇಟ್ಟು ಹೋಗಿದ್ದ. ಫಿಂಟನ್ ಡಬ್ಲಿನ್ನಿನ ಹಸ್ತಪ್ರತಿ ಭಂಡಾರದಲ್ಲಿ ಹಳೆಯ ಕಾಗದಗಳನ್ನು ದುರಸ್ತಿ ಮಾಡುತ್ತಿದ್ದವನು. ಬಂದರಿನ ಕಟ್ಟೆಯಿಂದ ಜಾರಿ ನೀರಿಗೆ ಬಿದ್ದನೆಂದು ಪೊಲೀಸರು ಬರೆದುಕೊಂಡಿದ್ದರು. ಅವನು ನಡೆಯಲು ಕಲಿತದ್ದೇ ಆ ಕಟ್ಟೆಯ ಮೇಲೆ.

ಕನ್ಸೆಪ್ಟಾ ಹೋದ ಮೇಲೆ ಯಾರೋ ಮೆಲ್ಲಗೆ ಬಾಗಿಲು ತಟ್ಟಿದರು. ಒಳ್ಳೆಯ ಕೋಟು ತೊಟ್ಟ ನಡುವಯಸ್ಸಿನವನೊಬ್ಬ, ಸತ್ತವರಿಗಾಗಿ ಚರ್ಚಿನಲ್ಲಿ ಪೂಜೆ ಹೇಳಿಸಿದ ಕಾರ್ಡು ಹಿಡಿದು ನಿಂತಿದ್ದ. ನಿನ್ನೆಯ ಜನರ ನಡುವೆ ಈ ಮುಖವನ್ನು ಅವಳು ಕಂಡಿರಲಿಲ್ಲ.

"ಆಗಬಾರದ್ದು ಆಗೋಯ್ತಮ್ಮ. ನಾನು ಡೆವನಿ. ನಿಮ್ಮೆಜಮಾನ್ರ ಹತ್ರ ನನಗೆ ಸೇರಬೇಕಾದ ಒಂದು ಚಿತ್ರ ಇದೆ."

"ಯಾವ ಚಿತ್ರ?"

"ಹುಡುಕಿ, ಸಿಗುತ್ತೆ. ಈಗಲೇ ಬೇಡ. ಸಂಜೆ ಬರ್ತೀನಿ." ಅವನ ಕಣ್ಣು ಅವಳನ್ನು ದಾಟಿ ಒಳಗಿನ ಗೋಡೆಗಳನ್ನು ಒಂದೊಂದಾಗಿ ನೋಡಿತು. ಮೆಟ್ಟಿಲಿಳಿದವನು ತಿರುಗಿ ನಿಂತ. "ಆ ಕಟ್ಟೆ ಕಡೆ ಒಬ್ರೇ ಹೋಗ್ಬೇಡಿ ತಾಯಿ. ಪಾಚಿ ಕಟ್ಟಿದೆ. ಅವರಿಗೂ ಹೇಳಿದ್ದೆ."

ಅವನು ರಸ್ತೆಯ ತಿರುವು ದಾಟುವವರೆಗೆ ಅವಳು ಬಾಗಿಲು ಹಾಕಲಿಲ್ಲ. ಹಾಕಿದ ಮೇಲೆ ಚಿಲಕವನ್ನೂ ಎಳೆದಳು.

ಹುಡುಕುವುದು ಕಷ್ಟವಾಗಲಿಲ್ಲ. ಫಿಂಟನ್ ಕಾಗದವನ್ನು ಮಡಚುವವನಲ್ಲ, ಸುತ್ತುವವನಲ್ಲ. ಒಲೆಯ ಹಬೆ ತಾಗದ, ಬೆಳಕು ಬೀಳದ, ಸಪಾಟಾದ ಜಾಗ ಆ ಮನೆಯಲ್ಲಿ ಒಂದೇ ಇತ್ತು. ಅವಳ ಮದುವೆಯ ಉಡುಪನ್ನು ಅವನೇ ತೆಳು ಕಾಗದದಲ್ಲಿ ಸುತ್ತಿ, ಅಗಲವಾದ ಪೆಟ್ಟಿಗೆಯಲ್ಲಿಟ್ಟು, ಕಪಾಟಿನ ಮೇಲೆ ಏರಿಸಿದ್ದ. ಅವಳು ಬಿಳಿ ಬಟ್ಟೆಯ ಕೆಳಗೆ ಕೈ ಹಾಕಿದಳು. ಎರಡು ರಟ್ಟುಗಳ ನಡುವೆ ಚಿತ್ರವಿತ್ತು.

ಮೂವರು ಗಂಡಸರು ಕಪ್ಪು ದೋಣಿಯೊಂದನ್ನು ಮಗುಚಿ ತಲೆಯ ಮೇಲೆ ಹೊತ್ತು ಮರಳಿನಲ್ಲಿ ನಡೆಯುತ್ತಿದ್ದಾರೆ. ಕಾಣುವುದು ಕಾಲುಗಳು ಮಾತ್ರ, ದೊಡ್ಡ ಹುಳುವೊಂದು ಹರಿದುಬರುವಂತೆ. ದೂರದಲ್ಲಿ ಕೆಂಪು ಲಂಗದ ಹೆಂಗಸೊಬ್ಬಳು ಸಮುದ್ರಕ್ಕೆ ಬೆನ್ನು ಹಾಕಿ ನಿಂತಿದ್ದಾಳೆ. ಮರದ ಅಚ್ಚಿನಲ್ಲಿ ಒತ್ತಿ, ಕೈಯಿಂದ ಬಣ್ಣ ತುಂಬಿದ ಹಾಳೆ. ಅದರ ಬೆನ್ನಿಗೆ ದ್ವೀಪವೊಂದರ ಕವಿ ಗೀಟು ಹೊಡೆದು, ತಿದ್ದಿ, ಮತ್ತೆ ಹೊಡೆದು ಬರೆದ ಐರಿಷ್ ಸಾಲುಗಳಿದ್ದವು. ಮೂಲೆಯಲ್ಲಿ ಭಂಡಾರದ ಮುದ್ರೆಯಿತ್ತು.

ನೆಸ್ಸಾ ಅದನ್ನು ಬಲ್ಲಳು. ವಿಶ್ವವಿದ್ಯಾಲಯದಲ್ಲಿ ಅವಳು ಪ್ರಬಂಧ ಬರೆದದ್ದು ಆ ಕವಿಯ ಮೇಲೆಯೇ. ಫಿಂಟನ್ ಸಿಕ್ಕಿದ್ದೂ ಆ ಭಂಡಾರದಲ್ಲೇ. ಎರವಲು ತಂದಿದ್ದಾನೆ, ಎಂದುಕೊಂಡಳು. ಅಲ್ಲಿಂದ ಯಾರಿಗೂ ಏನನ್ನೂ ಎರವಲು ಕೊಡುವುದಿಲ್ಲ. ಅದು ಗೊತ್ತಿದ್ದೂ ಅವಳಿಗೆ ಸದ್ಯಕ್ಕೆ ಆ ಮಾತೇ ಬೇಕಾಗಿತ್ತು. ಯಾರಿಗೂ ತಿಳಿಯದ ಹಾಗೆ ಇದ್ದಲ್ಲಿ ಇಟ್ಟು ಬಂದರಾಯಿತು. ರಟ್ಟುಗಳ ಸಮೇತ ಅದನ್ನು ಕೋಟಿನ ಒಳಗೆ ಬೆನ್ನಿಗೆ ಕಟ್ಟಿಕೊಂಡು ಡಬ್ಲಿನ್ನಿನ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಸೀಟಿಗೆ ಒರಗದೆ ಕುಳಿತಳು.

ಭಂಡಾರದ ಓದುವ ಕೋಣೆಯನ್ನು ನೋಡಿಕೊಳ್ಳುವವಳು ಬ್ರೋನಾ. ಫಿಂಟನ್‌ನನ್ನು ಕೆಲಸಕ್ಕೆ ಸೇರಿದ ದಿನದಿಂದ ಕಂಡವಳು. ನೆಸ್ಸಾಳನ್ನು ನೋಡಿದ್ದೇ ಎದ್ದು ಬಂದು ತಬ್ಬಲು ಹೋದಳು. ನೆಸ್ಸಾ ಒಂದು ಹೆಜ್ಜೆ ಹಿಂದೆ ಸರಿದಳು.

"ಅಯ್ಯೋ ಕಂದಾ, ಇವತ್ತೇ ಯಾಕೆ ಬಂದೆ?"

"ಮನೇಲಿ ಕೂತಿರೋಕೆ ಆಗ್ಲಿಲ್ಲ ಬ್ರೋನಾ. ಆ ಕವಿಯ ಕಾಗದದ ಪೆಟ್ಟಿಗೆ ಒಂದ್ಸಲ ನೋಡ್ತೀನಿ. ನಾವಿಬ್ರೂ ಮೊದಲು ಜೊತೇಲಿ ನೋಡಿದ್ದು ಅದೇ."

ಬ್ರೋನಾಳ ಕಣ್ಣು ತುಂಬಿತು. ಕೋಟು, ಚೀಲ ಹೊರಗಿಟ್ಟು ಪೆನ್ಸಿಲ್ ಮಾತ್ರ ಒಳಗೆ ತರಬೇಕೆಂಬುದು ಅಲ್ಲಿನ ನಿಯಮ. "ಕೋಟು ಇರ್ಲಿ ಬಿಡು. ಒಳಗೆ ಮೂಳೆ ನಡುಗೋ ಚಳಿ. ನಿನಗೇನು ರೂಲ್ಸು," ಎಂದಳು. ಪೆಟ್ಟಿಗೆ ತಂದು ತಕ್ಕಡಿಯ ಮೇಲಿಟ್ಟಳು. ಓದುಗರಿಗೆ ಕೊಡುವಾಗೊಮ್ಮೆ, ವಾಪಸ್ ಪಡೆಯುವಾಗೊಮ್ಮೆ ತೂಗುವುದು. ಒಂದು ಹಾಳೆ ಹೆಚ್ಚು ಕಡಿಮೆಯಾದರೂ ಮುಳ್ಳು ಹೇಳುತ್ತದೆ. "ಇದೊಂದು ಮಾತ್ರ ಬಿಡೋ ಹಾಗಿಲ್ಲ. ಮೇಲಿನ ಮಹಡಿಯ ನಮ್ಮ ಮುಖ್ಯಸ್ಥರು, ಹೆನೆಬ್ರಿ ಸಾಹೇಬ್ರಿಗೆ ಬಿಟ್ರೆ ಊಟದ ಮುಂಚೆ, ಊಟದ ಮೇಲೆ ನನ್ನನ್ನೂ ತೂಗ್ತಾರೆ. ಬರೋ ವಾರ ಬೇರೆ ಈ ಹಾಳೆಗಳ ಹಳೇ ಫೋಟೋ ಹಿಡ್ಕೊಂಡು ಒಂದೊಂದು ಹಾಳೇನೂ ತಾಳೆ ನೋಡೋಕೆ ಜನ ಬರ್ತಿದ್ದಾರೆ. ಕೂದಲೆಳೆ ವ್ಯತ್ಯಾಸ ಇದ್ರೂ ನನ್ನ ತಲೆ ಹೋಗತ್ತೆ." ದನಿ ತಗ್ಗಿಸಿದಳು. "ಇನ್ನೂ ಯಾರಿಗೂ ಹೇಳ್ಬೇಡ. ದುರಸ್ತಿ ಕೋಣೆಗೆ ಫಿಂಟನ್ ಹೆಸರಿಡ್ತಾರಂತೆ. ಬಾಗಿಲ ಮೇಲೆ, ಹಿತ್ತಾಳೆ ಅಕ್ಷರದಲ್ಲಿ."

ನೆಸ್ಸಾ ಕಿಟಕಿ ಪಕ್ಕದ ಮೇಜಿನಲ್ಲಿ ಕುಳಿತಳು. ಬೇರೆ ಓದುಗರಿರಲಿಲ್ಲ. ಬ್ರೋನಾ ದುಃಖದಲ್ಲಿರುವವಳನ್ನು ದಿಟ್ಟಿಸಬಾರದೆಂದು ಮುಖ ತಿರುಗಿಸಿ ಕುಳಿತಿದ್ದಳು. ನೆಸ್ಸಾ ಬೆನ್ನಿಗೆ ಕಟ್ಟಿದ್ದನ್ನು ಬಿಡಿಸಿ ಪೆಟ್ಟಿಗೆಯ ಮುಚ್ಚಳದ ಮರೆಗೆ ಇಟ್ಟಳು. ಹಾಳೆಗಳನ್ನು ಒಂದೊಂದಾಗಿ ಮಗುಚುತ್ತ ಹೋದಳು. ಖಾಲಿ ಇರಬೇಕಿದ್ದ ಜಾಗದಲ್ಲಿ ದೋಣಿ ಹೊತ್ತ ಮೂವರು ನಡೆಯುತ್ತಿದ್ದರು.

ಅದೇ ಕೆಂಪು ಲಂಗ, ಹಿಂಬದಿಯಲ್ಲಿ ಅದೇ ಸಾಲುಗಳು, ಹೊಡೆದು ಹಾಕಿದ ಪದಗಳೂ ಅವೇ. ಬಲತುದಿಯಲ್ಲಿ ಕಂದು ಉಂಗುರ. ಕವಿ ತನ್ನ ಚಹದ ಬಟ್ಟಲನ್ನು ಹಾಳೆಯ ಮೇಲಿಟ್ಟು ಉಳಿಸಿದ ಗುರುತು ಅದು. ಆ ಕವಿಯನ್ನು ಓದಿದವರೆಲ್ಲ ಅದನ್ನು ನೋಡಿ ನಕ್ಕಿರುತ್ತಾರೆ. ಅವಳು ತಂದ ಹಾಳೆಯ ಬಲತುದಿ ಮಾತ್ರ ಶುಭ್ರವಾಗಿತ್ತು. ಮನೆಯಲ್ಲಿ ಆತುರದಲ್ಲಿ ಅವಳದನ್ನು ಗಮನಿಸಿರಲಿಲ್ಲ.

ಒಂದು ಗಳಿಗೆ ಅವಳಿಗೆ ಜೀವ ಬಂದಂತಾಯಿತು. ಮನೆಯಲ್ಲಿದ್ದದ್ದೇ ನಕಲು; ಅವನು ಕದ್ದಿಲ್ಲ. ಕಣ್ಣು ಮುಚ್ಚಿ ಎರಡರ ಮೇಲೂ ಬೆರಳಾಡಿಸಿದಳು. ಪೆಟ್ಟಿಗೆಯೊಳಗಿನ ಹಾಳೆ ಎಲ್ಲೆಲ್ಲೂ ನುಣುಪಾಗಿತ್ತು. ಅವಳು ತಂದದ್ದರಲ್ಲಿ ದೋಣಿಯ ಅಂಚು, ಕಾಲುಗಳು, ಹೆಂಗಸಿನ ಭುಜ, ಅಚ್ಚು ಒತ್ತಿದಲ್ಲೆಲ್ಲ ಕಾಗದ ತಗ್ಗಿ ಬೆರಳಿಗೆ ಸಿಗುತ್ತಿತ್ತು. ಅಸಲು ಇದೇ.

ಎರಡು ಹಾಳೆಗಳ ಮೇಲೂ ಫಿಂಟನ್‌ನ ಕೈ ಆಡಿತ್ತು. ನಕಲು ಬರೆದು, ಅದಕ್ಕೆ ಚಹದಲ್ಲಿ ಉಂಗುರ ಎಳೆದು, ತೂಕ ಸರಿದೂಗಿಸಿ ಪೆಟ್ಟಿಗೆಯಲ್ಲಿ ಮಲಗಿಸಿದ್ದ. ಅಸಲನ್ನು ಮನೆಗೆ ತಂದವನಿಗೆ ಸುಮ್ಮನಿರಲಾಗಲಿಲ್ಲ. ಕೊಳೆ ಕಂಡ ಕಾಗದವನ್ನು ತೊಳೆಯದೆ ಬಿಟ್ಟವನೇ ಅಲ್ಲ ಅವನು, ಇದನ್ನೂ ತೊಳೆದು ಉಂಗುರ ಅಳಿಸಿದ್ದ. ಬರುವ ವಾರ ಫೋಟೋ ಹಿಡಿದು ಬರುವವರು ಉಂಗುರವನ್ನು ಹುಡುಕುತ್ತಾರೆ. ಅಸಲನ್ನು ಸದ್ದಿಲ್ಲದೆ ಇಟ್ಟು ಹೋದರೆ ಅದನ್ನೇ ನಕಲೆಂದು ಎತ್ತಿ ಬಿಸಾಡುತ್ತಾರೆ, ಬ್ರೋನಾಳನ್ನು ನಿಲ್ಲಿಸಿ ಕೇಳುತ್ತಾರೆ. ನಕಲನ್ನು ಇದ್ದಲ್ಲೇ ಬಿಟ್ಟರೆ ಎಲ್ಲ ಸರಿಯಾಗಿರುತ್ತದೆ. ಬಾಗಿಲ ಮೇಲೆ ಹಿತ್ತಾಳೆ ಅಕ್ಷರ ಬರುತ್ತದೆ. ಸಂಜೆ ಡೆವನಿ ಅಸಲನ್ನು ಒಯ್ಯಲು ಬರುತ್ತಾನೆ.

ಬಾಯಿಬಿಟ್ಟು ಹೇಳದೆ ಇದನ್ನು ಹಿಂತಿರುಗಿಸುವಂತಿರಲಿಲ್ಲ.

ಅವಳು ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು.

"ಬ್ರೋನಾ."

ಬ್ರೋನಾ ಬಂದು ಅವಳ ಭುಜದ ಮೇಲೆ ಕೈಯಿಟ್ಟು ಬಗ್ಗಿದಳು.

"ಇದು ನಿಮ್ಮದು," ನೆಸ್ಸಾ ಶುಭ್ರವಾದ ಹಾಳೆಯನ್ನು ತೋರಿಸಿದಳು. "ಫಿಂಟನ್ ಮನೆಗೆ ತಂದಿದ್ದ. ವಾಪಸ್ ತಂದಿದ್ದೀನಿ."

"ಸುಮ್ನಿರೇ." ಬ್ರೋನಾ ಪಿಸುಗುಟ್ಟಿದಳು. "ನಿದ್ದೆಯಿಲ್ಲದೆ ನಿನ್ನ ತಲೆ ಕೆಟ್ಟಿದೆ. ಉಂಗುರ ಇರೋದು ನಮ್ಮದು. ಇನ್ನೊಂದನ್ನ ಕೋಟೊಳಗೆ ಹಾಕ್ಕೊಂಡು ಮನೆಗೆ ಹೋಗು. ನಾನೇನೂ ನೋಡಿಲ್ಲ. ಮಣ್ಣಿನ್ನೂ ಆರಿಲ್ಲ ಕಣೇ ಅವನ ಮೇಲೆ."

"ಮುಟ್ಟಿ ನೋಡಿ."

"ಬೇಡ."

"ಒಂದ್ಸಲ ಮುಟ್ಟಿ ಬ್ರೋನಾ."

ಬ್ರೋನಾ ಮುಟ್ಟಿದಳು. ಅವಳ ಬೆರಳು ದೋಣಿಯ ಅಂಚು ಹಿಡಿದು ಮೆಲ್ಲನೆ ಸಾಗಿ, ಹೆಂಗಸಿನ ಭುಜದ ಬಳಿ ನಿಂತಿತು. ನೆಸ್ಸಾಳ ಭುಜದ ಮೇಲಿದ್ದ ಇನ್ನೊಂದು ಕೈ ಯಾವಾಗ ಸರಿಯಿತೋ ತಿಳಿಯಲಿಲ್ಲ.

ತನ್ನ ಮೇಜಿಗೆ ಹೋಗಿ ಅವಳು ಫೋನ್ ಎತ್ತಿದಳು. "ಹೆನೆಬ್ರಿ ಸಾರ್, ಸ್ವಲ್ಪ ಕೆಳಗೆ ಬರ್ತೀರಾ. ಇಲ್ಲ ಸಾರ್, ಈಗಲೇ," ಎಂದಷ್ಟೇ ಹೇಳಿ ಇಟ್ಟಳು.

ಮೋಡ ಸರಿದು ಬಿಸಿಲಿನ ಪಟ್ಟಿಯೊಂದು ಮೇಜಿನ ಮೇಲೆ ತೆವಳಿ ಕೆಂಪು ಲಂಗವನ್ನು ಮುಟ್ಟಿತ್ತು. ಬ್ರೋನಾ ನೆಸ್ಸಾಳ ಮುಖ ನೋಡದೆ ಕಿಟಕಿಯ ಹತ್ತಿರ ಬಂದು, ಬಣ್ಣ ಮಾಸಬಾರದೆಂದು ಪರದೆಯನ್ನು ಕೆಳಗಿನವರೆಗೂ ಎಳೆದಳು. ಮೇಲಿನ ಮಹಡಿಯಲ್ಲಿ ಬಾಗಿಲೊಂದು ತೆರೆಯಿತು. ಮಬ್ಬಿನಲ್ಲಿ ಇಬ್ಬರೂ ಮೇಜಿನ ಎರಡು ಬದಿಗೆ ನಿಂತು, ಮೆಟ್ಟಿಲಿಳಿಯುತ್ತಿದ್ದ ಬೂಟಿನ ಸದ್ದು ಕೇಳುತ್ತಿದ್ದರು.