ಅಮ್ಮನ ಧ್ವನಿಯ ಗುಮ್ಮ

ಬೇಸಿಗೆ ರಜೆ ಕಂಡುಹಿಡಿದ ಪುಣ್ಯಾತ್ಮರನ್ನು ಒಂದೇ ಒಂದು ದಿನ, ಅದೂ ಮಳೆ ಬರುವ ದಿನ, ನನ್ನ ಮನೆಯಲ್ಲಿ ಕೂರಿಸಬೇಕು. ಒಂದು ನಡುಮನೆ, ಒಂದು ಅಡುಗೆಮನೆ, ಎರಡು ಮಕ್ಕಳು, ಒಂದು ಹೊಲಿಗೆ ಮಷೀನು. ಸಂಜೆಯೊಳಗೆ ಅವರೇ ಓಡಿಹೋಗಿ ಶಾಲೆಯ ಬೀಗ ತೆಗೆಯುತ್ತಾರೆ.

ನಾನು ಬಟ್ಟೆ ಹೊಲಿಯುವವಳು. ಶಾಲೆಗೆ ರಜೆ ಇದ್ದಾಗಲೇ ನನಗೆ ಕೆಲಸ ಜಾಸ್ತಿ, ಯಾಕೆಂದರೆ ರಜೆ ಮುಗಿಯುವಷ್ಟರಲ್ಲಿ ಅರ್ಧ ಶಾಲೆಯ ಸಮವಸ್ತ್ರ ನನ್ನ ಮಷೀನಿನಿಂದ ಇಳಿಯಬೇಕು. ಊರಿನ ಮಕ್ಕಳಿಗೆಲ್ಲ ನಾನು ಕಾಲರು ಕೂರಿಸುವಾಗ ನನ್ನ ಮಕ್ಕಳು ನನ್ನ ತಲೆಯ ಮೇಲೆ ಕೂತಿರುತ್ತವೆ. ದೊಡ್ಡವಳಿಗೆ ಆರು ವರ್ಷ. ಆಡಿದ ಮಾತಿಗೆಲ್ಲ ವಾದ ಹೂಡುತ್ತಾಳೆಂದು ಅವರಪ್ಪ ಇಟ್ಟ ಹೆಸರು ಲಾಯರ್. ನಾವು ಚಾಪೆ ಕೆಳಗೆ ತೂರಿದರೆ ಅವಳು ರಂಗೋಲಿ ಕೆಳಗೆ ತೂರುತ್ತಾಳೆ. ಚಿಕ್ಕವನಿಗೆ ಮೂರು, ಹೆಸರು ಗುಂಡ. ಅವನು ವಾದ ಮಾಡುವುದಿಲ್ಲ, ಸೀದಾ ಕಚ್ಚುತ್ತಾನೆ. ಅವರಪ್ಪ ದೂರದ ಊರಿಗೆ ಬಸ್ಸು ಓಡಿಸುತ್ತಾರೆ, ಇವತ್ತು ಹೋದರೆ ಮುಖ ಕಾಣುವುದು ನಾಳೆಯೇ.

ಬಿಸಿಲಿದ್ದರೆ ಇಬ್ಬರನ್ನೂ ಕೆಳಗೆ ಆಡಲಿಕ್ಕಾದರೂ ಅಟ್ಟಬಹುದಿತ್ತು. ಈ ಸಲದ ಬೇಸಿಗೆಗೆ ಏನು ಬಂದಿತ್ತೋ, ರಜೆ ಶುರುವಾದಾಗಿನಿಂದ ಬಿಟ್ಟೂಬಿಡದೆ ಮಳೆ. ದಾರದ ಉಂಡೆ ಬಿಚ್ಚಿ ಕುರ್ಚಿ ಮೇಜಿಗೆಲ್ಲ ಸುತ್ತಿದ್ದಾಯಿತು, ಅಂಗಿಯ ಗುಂಡಿ ಗುಂಡನ ಮೂಗಿಗೆ ಹೋಗಿದ್ದೂ ಆಯಿತು. ಬಿಡು, ಇಳಿ, ಮುಟ್ಟಬೇಡ, ನಾನು ಎದ್ದು ಬಂದೆ ಅಂದರೆ ನೋಡು. ಬೆಳಗಿನಿಂದ ರಾತ್ರಿಯವರೆಗೆ ನನ್ನ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ.

ಇದರ ನಡುವೆ ಒಂದು ದಿನ ನಾನು ಸ್ನಾನಕ್ಕೆ ಹೋದಾಗ ಲಾಯರ್ ಬಾಗಿಲು ತೆಗೆದುಬಿಟ್ಟಿದ್ದಳು. ಹೊರಗೆ ಬಂದು ನೋಡಿದರೆ ಗುರುತಿಲ್ಲದ ಗಂಡಸೊಬ್ಬ ನಡುಮನೆಯಲ್ಲಿ ನಿಂತು ಮಿಕ್ಸಿ ರಿಪೇರಿ ಇದೆಯಾ ಎಂದು ಕೇಳುತ್ತಿದ್ದಾನೆ. ಪಾಪ, ಹಾಗೇ ಹೋದ. ಆದರೆ ಅವನು ಹೋದ ಎಷ್ಟೋ ಹೊತ್ತಿನ ಮೇಲೂ ನನಗೆ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಅವತ್ತೇ ನಾನು ಗುಮ್ಮನ ಕಥೆ ಕಟ್ಟಿದ್ದು.

ಬರೀ ಗುಮ್ಮ ಅಂದರೆ ಲಾಯರ್ ಬಗ್ಗುವವಳಲ್ಲ. ಅದಕ್ಕೇ ಅವಳು ನುಸುಳುವ ಕಂಡಿಗಳನ್ನೆಲ್ಲ ಮುಚ್ಚಿ ಹೇಳಿದೆ. ಮಳೆಗುಮ್ಮ ಗೋಡೆಯಾಚೆ ನಿಂತು ಮನೆಯವರ ಮಾತೆಲ್ಲ ಕೇಳಿಸಿಕೊಂಡಿರುತ್ತಾನೆ. ಆಮೇಲೆ ಅಪ್ಪನ ಧ್ವನಿಯಲ್ಲಿ, ಅಮ್ಮನ ಧ್ವನಿಯಲ್ಲಿ ಕರೆಯುತ್ತಾನೆ. ಬಾಗಿಲು ತೆಗೆದರೋ, ಎತ್ತಿಕೊಂಡು ಹೋದ ಹಾಗೇ. ರಾತ್ರಿ ಇಬ್ಬರೂ ಹೆದರಿ ಅತ್ತಾಗ, ಬೆಳಕು ಕಂಡರೆ ಓಡಿಹೋಗುತ್ತಾನೆ ಅಂತ ಸಮಾಧಾನಕ್ಕೆ ಒಂದು ಸೇರಿಸಿದೆ. ಕಥೆ ಕೆಲಸ ಮಾಡಿತು. ನನಗೂ ನೆಮ್ಮದಿಯಾಯಿತು.

ಅದಾದ ಕೆಲವು ದಿನಕ್ಕೆ ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ಮೋಡ ಕವಿದು, ಕಿಟಕಿಗಳನ್ನೆಲ್ಲ ಹಾಕಿದ್ದರಿಂದ ಮನೆಯೊಳಗೆ ಕತ್ತಲೆ. ಗುಂಡನಿಗೆಂದು ಒಲೆಯ ಮೇಲೆ ಹಾಲಿಟ್ಟಿದ್ದೆ. ಅಷ್ಟರಲ್ಲಿ ಗಾಳಿ ಎದ್ದಿತು, ತಾರಸಿಯ ಮೇಲೆ ಪ್ಲಾಸ್ಟಿಕ್ ಹಾಳೆ ಪಟಪಟ ಬಡಿದುಕೊಳ್ಳತೊಡಗಿತು. ಅದರ ಕೆಳಗೆ ಒಂದು ಥಾನು ಬಟ್ಟೆ ನೆನೆಸಿ ಒಣಹಾಕಿದ್ದೆ, ಹಾಗೆ ಮಾಡದೆ ಕತ್ತರಿಸಿದರೆ ಆಮೇಲೆ ಒಗೆದಾಗ ಅಂಗಿ ಕುಗ್ಗುತ್ತದೆ. ಅದು ಹಾರಿಹೋದರೆ ನನ್ನ ಕಥೆ ಮುಗಿಯಿತೆಂದು ಎದ್ದು ಓಡಿದೆ. ಚಿಲಕ ಹಾಕಿಕೋ, ಯಾರು ಕರೆದರೂ ತೆಗೆಯಬೇಡ ಎಂದೆ. ಯಾರು ಕರೆದರೂನಾ ಎಂದು ಲಾಯರ್ ಕೇಳಿದಳು. ಯಾರು ಕರೆದರೂ ಎಂದು ಮೆಟ್ಟಿಲು ಹತ್ತಿಬಿಟ್ಟೆ.

ಬಟ್ಟೆ ಹೋಗಿ ನೀರಿನ ಟ್ಯಾಂಕಿಗೆ ಸುತ್ತಿಕೊಂಡಿತ್ತು. ಹರಿಯದ ಹಾಗೆ ಬಿಡಿಸಿ, ಹಿಂಡಿ, ಮುದ್ದೆ ಮಾಡಿಕೊಂಡು ಇಳಿದು ಬರುವಾಗ ಹಾಲಿನ ನೆನಪೇ ಇರಲಿಲ್ಲ. ಬಾಗಿಲು ಬಡಿದು ನಾನು ಎಂದೆ.

"ನಾನು ಅಂದ್ರೆ ಯಾರು?"

"ಅಮ್ಮ ಕಣೇ, ತೆಗಿ."

ಒಳಗೆ ಪಿಸಪಿಸ ಕೇಳಿಸಿತು. ಗುಂಡಾ, ಅಳಬೇಡ, ಗುಮ್ಮ ಬಂದಿದಾನೆ ಎಂದು ಅವಳು ತಮ್ಮನಿಗೆ ಹೇಳುತ್ತಿದ್ದಳು. ನನಗೆ ನಗು ಬಂತು. ಭಲೇ ಮಗಳೇ ಅಂದುಕೊಂಡೆ. ಆಗ ಮೂಗಿಗೆ ವಾಸನೆ ಬಡಿಯಿತು. ಅಡುಗೆಮನೆಯ ಗೂಡುಕಿಟಕಿ ಮೆಟ್ಟಿಲ ಕಡೆಗಿದೆ, ಎತ್ತರದಲ್ಲಿ, ಬೆಕ್ಕೂ ನುಗ್ಗದಷ್ಟು ಸಣ್ಣದು. ವಾಸನೆ ಅಲ್ಲಿಂದ ಬರುತ್ತಿತ್ತು. ಹಾಲು ಉಕ್ಕಿ ಉರಿ ಆರಿಹೋಗಿದೆ, ಗ್ಯಾಸು ಮಾತ್ರ ಹೊರಗೆ ಬರುತ್ತಲೇ ಇದೆ.

ಕೈಯಲ್ಲಿದ್ದ ಬಟ್ಟೆ ಎಲ್ಲಿ ಬಿತ್ತೋ ಗೊತ್ತಿಲ್ಲ. ಎರಡೂ ಕೈಯಲ್ಲಿ ಬಾಗಿಲು ಗುದ್ದಿದೆ. ಗುಂಡ ಕಿಟಾರನೆ ಕಿರುಚಿಕೊಂಡ.

ಸದ್ದಿಗೆ ಎದುರುಮನೆಯ ಡ್ರೈವಿಂಗ್ ಮೇಷ್ಟ್ರು ಹೊರಗೆ ಬಂದರು. ಊರಿಗೆಲ್ಲ ಕಾರು ಕಲಿಸಿ ಕಲಿಸಿ, ನಿಂತಲ್ಲೂ ಬಲಗಾಲಿನಲ್ಲಿ ಬ್ರೇಕು ಒತ್ತುವ ಮನುಷ್ಯ. ವಾಸನೆ ಹಿಡಿದವರೇ ಒಳಗೆ ಹೋಗಿ ಕಬ್ಬಿಣದ ಜಾಕಿ ರಾಡು ತಂದರು. ಕಿಡಿ ಹಾರಿದರೆ ಏನು ಗತಿ ಮೇಷ್ಟ್ರೇ ಎಂದು ನಾನು ಅದನ್ನು ಕಿತ್ತುಕೊಂಡೆ. ಭುಜ ಕೊಟ್ಟು ಗುದ್ದಿದರು. ಹಳೇ ಕಾಲದ ಮರದ ಬಾಗಿಲು, ಅವರ ಭುಜವೇ ಸೋತಿತು. ಒಳಗಿನಿಂದ ಲಾಯರ್ ಈಗ ಇಬ್ಬರು ಗುಮ್ಮ ಇದಾರೆ ಎಂದು ತಮ್ಮನಿಗೆ ವರದಿ ಕೊಟ್ಟಳು.

"ಹೆದರಿಸ್ಬೇಡಿ ಅಮ್ಮಾ, ಮೆತ್ತಗೆ ಮಾತಾಡಿ," ಅಂದರು ಮೇಷ್ಟ್ರು. ರಸ್ತೆ ತಿರುವಿನಲ್ಲಿರುವ ಬಡಗಿಯನ್ನು ಕರೆತರುತ್ತೇನೆಂದು ಮಳೆಯಲ್ಲೇ ಓಡಿದರು.

ನಾನು ಬಾಗಿಲಿಗೆ ಬಾಯಿ ಹಚ್ಚಿ ಕೂತೆ. ಧ್ವನಿಗೆ ಬೆಣ್ಣೆ ಹಚ್ಚಿದೆ. ಚಿನ್ನಾ ಅಂದೆ, ಬಂಗಾರಿ ಅಂದೆ, ನನ್ನ ಮುದ್ದಿನ ಕಂದಾ ಅಂದೆ. ಸಾಕ್ಷಿ ಏನು ಎಂದು ಕೇಳಿದಳು. ಅವಳ ಟೀಚರ ಹೆಸರು ಹೇಳಿದೆ, ಬಿದ್ದ ಹಲ್ಲು ಎಲ್ಲಿಟ್ಟಿದ್ದಾಳೆಂದು ಹೇಳಿದೆ, ಗುಂಡ ನಿನ್ನೆ ಯಾರನ್ನು ಕಚ್ಚಿದ ಅನ್ನುವುದನ್ನೂ ಹೇಳಿದೆ. ಗೋಡೆ ಹಿಂದೆ ನಿಂತರೆ ಗುಮ್ಮನಿಗೆ ಅದೆಲ್ಲ ಗೊತ್ತಾಗುತ್ತದಂತೆ, ಅವಳಮ್ಮನೇ ಹೇಳಿದ್ದಾಳಂತೆ. ಹೋಗಲಿ, ಒಲೆಯ ಗುಂಡಿಯನ್ನಾದರೂ ತಿರುಗಿಸು ತಾಯಿ ಎಂದು ಬೇಡಿಕೊಂಡೆ. ಒಲೆ ಮುಟ್ಟಬಾರದು ಅಂತ ಅಮ್ಮ ಹೇಳಿದಾಳೆ ಅಂದಳು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರಲ್ಲ, ನಾನು ಮುಚ್ಚಿದ ಕಂಡಿಗಳಲ್ಲಿ ಒಂದರೊಳಗೂ ನನಗೇ ನುಗ್ಗಲು ಜಾಗವಿರಲಿಲ್ಲ.

"ಗಬ್ಬು ವಾಸನೆ ಬರ್ತಿದೆ," ಅಂದಳು. "ನೀನು ಗುಮ್ಮಾನೇ. ನಮ್ಮಮ್ಮ ಚಿನ್ನಾ ಅನ್ನಲ್ಲ."

ಆ ಮಾತು ಎಲ್ಲಿಗೆ ನಾಟಬೇಕೋ ಅಲ್ಲಿಗೇ ನಾಟಿತು. ಆದರೆ ನೋಯಲು ಆಗ ಪುರುಸೊತ್ತಿರಲಿಲ್ಲ. ಗುಂಡನ ಅಳು ಕೆಮ್ಮಾಗಿತ್ತು. ಆಮೇಲೆ ಅವನು ಕೆಮ್ಮುವುದೂ ಕಡಿಮೆಯಾಯಿತು. ದೇವರೇ, ನನ್ನ ಎರಡು ಕಣ್ಣು ಬೇಕಾದರೆ ತೆಗೆದುಕೋ, ಇವರನ್ನು ಮುಟ್ಟಬೇಡ ಎಂದು ಬಾಗಿಲಿಗೆ ಹಣೆ ಒತ್ತಿ ಕೂತಿದ್ದೆ. ಒಳಗೆ ಡಬ್ಬಿಯೊಂದು ಉರುಳಿದ ಸದ್ದಾಯಿತು.

"ಇರು ಗುಂಡಾ, ಮೇಣದಬತ್ತಿ ಹಚ್ತೀನಿ. ಬೆಳಕು ನೋಡಿದ್ರೆ ಗುಮ್ಮ ಓಡಿಹೋಗ್ತಾನೆ."

ಚರ್ರ್ ಎಂದು ಕಡ್ಡಿ ಗೀರಿದ ಸದ್ದು ಕೇಳಿಸಿತು. ಏನೂ ಆಗಲಿಲ್ಲ. ಇನ್ನೊಮ್ಮೆ ಚರ್ರ್ ಎಂದಿತು.

ಮೆತ್ತಗೆ ಮಾತಾಡುವುದು, ಮೇಷ್ಟ್ರ ಬುದ್ಧಿವಾದ, ಎಲ್ಲ ಹಾರಿಹೋಯಿತು. ನನ್ನ ಗಂಟಲಿನಿಂದ ಅದೆಂಥ ಸದ್ದು ಹೊರಟಿತೋ, ಮೂರು ಮಹಡಿಗೂ ಕೇಳಿಸಿತಂತೆ.

"ಏಯ್ ಲಾಯರ್! ಕಡ್ಡಿ ಕೆಳಗಿಡೇ ಕತ್ತೆ! ಇಡ್ತೀಯೋ, ಬಂದು ಬೆನ್ನು ಮುರೀಲೋ? ಬಾಗಿಲು ತೆಗಿ. ಒಂದು, ಎರಡು..."

ಚಿಲಕ ಸರಿಯಿತು.

ಇಬ್ಬರನ್ನೂ ರಟ್ಟೆ ಹಿಡಿದು ಹೊರಗೆಳೆದು ಹಾಕಿದೆ. ಉಸಿರು ಬಿಗಿಹಿಡಿದು ಒಳಗೆ ನುಗ್ಗಿ ಒಲೆ ನಿಲ್ಲಿಸಿದೆ, ಸಿಲಿಂಡರು ನಿಲ್ಲಿಸಿದೆ, ಸಿಕ್ಕ ಕಿಟಕಿಯನ್ನೆಲ್ಲ ತೆಗೆದೆ. ನೆಲದ ಮೇಲೆ ಎರಡು ಕಡ್ಡಿ ಬಿದ್ದಿದ್ದವು. ಮಳೆಯ ಥಂಡಿಗೆ ಮೆತ್ತಗಾಗಿ, ಮದ್ದು ಸವೆದಿತ್ತೇ ಹೊರತು ಹತ್ತಿಕೊಂಡಿರಲಿಲ್ಲ. ಅವನ್ನು ಆಯ್ದು ಮುಷ್ಟಿಯಲ್ಲಿ ಹಿಡಿದುಕೊಂಡೇ ಮೆಟ್ಟಿಲಿಗೆ ಬಂದೆ.

ಮೇಷ್ಟ್ರು ಬಡಗಿಯನ್ನು ಕರೆತಂದಾಗ ನಾನು ಇಬ್ಬರನ್ನೂ ಮಡಿಲಿಗೆ ಒತ್ತಿಕೊಂಡು ಕೂತಿದ್ದೆ. ಗುಂಡ ಕಣ್ಣುಬಿಟ್ಟು ಕೆಮ್ಮುತ್ತಿದ್ದ, ಸ್ವಲ್ಪ ಹೊತ್ತಿನ ಮೇಲೆ ಹಾಲು ಕೇಳಿದ. ಲಾಯರ್ ಮಾತ್ರ ಮುಖ ಊದಿಸಿಕೊಂಡಿದ್ದಳು.

"ಮೊದ್ಲೇ ಬೈಬೇಕಿತ್ತು ಅಮ್ಮಾ. ಬೈದಿದ್ರೆ ಆಗ್ಲೇ ತೆಗೀತಿದ್ದೆ. ಗುಮ್ಮಂಗೆ ನಿನ್ನ ಥರ ಬೈಯಕ್ಕೆ ಬರಲ್ಲ."

ಮೇಷ್ಟ್ರೂ ಬಡಗಿಯೂ ನಕ್ಕರು. ನಗಬೇಕಾದ ಮಾತೇ ಅದು. ನನಗೆ ನಗು ಬರಲಿಲ್ಲ.

ಸಂಜೆ ಕರೆಂಟು ಬಂತು. ಅವತ್ತು ನಾನು ಮಷೀನು ಮುಟ್ಟಲಿಲ್ಲ. ಗುಮ್ಮ ಇಲ್ಲ, ಅದು ನಾನೇ ಕಟ್ಟಿದ ಕಥೆ ಎಂದು ಇಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದೆ. ಲಾಯರ್ ಹೂಂ ಅಂದಳು. ಇನ್ನು ಮೇಲೆ ಇವರಿಗೆ ಬೈದರೆ ನನ್ನ ನಾಲಿಗೆ ಬಿದ್ದುಹೋಗಲಿ ಅಂದುಕೊಂಡೆ. ತಟ್ಟೆ ಹಾಕಿ, ಅಡುಗೆಮನೆಯಿಂದಲೇ ಚಿನ್ನಾ, ಊಟಕ್ಕೆ ಬಾ ಎಂದು ಕರೆದೆ. ಇನ್ನೂ ಮೆತ್ತಗೆ, ಬಂಗಾರಿ ಎಂದೆ.

ನಡುಮನೆಗೆ ಬಂದು ನೋಡಿದರೆ ಅವಳು ಮಷೀನಿನ ಕೆಳಗೆ ಮುದುಡಿ ಕೂತಿದ್ದಾಳೆ. ಗುಂಡನನ್ನು ತನ್ನ ಬೆನ್ನ ಹಿಂದೆ ಹಾಕಿಕೊಂಡು, ಅವನ ಬಾಯಿಗೆ ಕೈ ಅಡ್ಡ ಹಿಡಿದಿದ್ದಾಳೆ. ಬಗ್ಗಿ ನನ್ನ ಮುಖ ತೋರಿಸಿದೆ. ಆದರೂ ಅವಳು ಬರಲಿಲ್ಲ.

"ಬೈದು ಕರಿ, ಬರ್ತೀನಿ," ಅಂದಳು.

ಇಷ್ಟು ದಿನ ಬಾಯಿ ತೆರೆದರೆ ಸಾಕಿತ್ತು, ಬೈಗುಳ ತಾನಾಗಿ ಉದುರುತ್ತಿತ್ತು. ಆಗ ಎಷ್ಟು ಹುಡುಕಿದರೂ ಒಂದೂ ಸಿಗಲಿಲ್ಲ. ಅವಳು ನನ್ನ ಬಾಯನ್ನೇ ನೋಡುತ್ತಾ ಕಾದು ಕೂತಿದ್ದಳು.