ವಾರಗಿತ್ತಿಯ ಗೋಡೆಯ ಕಿಂಡಿಗಳು

ಚಿನ್ನಕ್ಕ ಊಟದ ಡಬ್ಬಿ ಎತ್ತಿಕೊಂಡು ಪಕ್ಕದ ಗ್ಯಾರೇಜಿಗೆ ಹೋದ ದಿನದಿಂದ ಉಚ್ಚಂಗಮ್ಮನಿಗೆ ಅನ್ನ ಸೇರಲಿಲ್ಲ. ಹೋದದ್ದೇನು ದೂರದ ಬಳ್ಳಾರಿಗಲ್ಲ. ನಡುವೆ ಒಂದು ಇಟ್ಟಿಗೆ ಗೋಡೆ, ಅಷ್ಟೇ. ಆದರೆ ಆ ಗೋಡೆಯ ಆಚೆ ಇದ್ದವಳು ವಾರಗಿತ್ತಿ ಮಂಗಳಾ. ಚಿನ್ನಕ್ಕ ಬೇಕಿದ್ದರೆ ಬಳ್ಳಾರಿಗೇ ಹೋಗಲಿ, ಲಂಕೆಗೇ ಹೋಗಲಿ, ಇವಳ ಹತ್ತಿರ ಮಾತ್ರ ಹೋಗಬಾರದಿತ್ತು.

ರಾಯದುರ್ಗದ ಆ ಓಣಿಯಲ್ಲಿ ಮಾವ ಟೆಂಪೊ ನಿಲ್ಲಿಸುತ್ತಿದ್ದ ಉದ್ದನೆಯ ತಗಡಿನ ಗ್ಯಾರೇಜು ಅದು. ಅಣ್ಣತಮ್ಮಂದಿರು ಪಾಲಾದಾಗ ನಡುವೆ ಗೋಡೆ ಎದ್ದು ಎರಡಾಯಿತು. ಮನೆಮನೆಗೂ ಜೀನ್ಸ್ ಹೊಲಿಗೆ ಬಂದು ಕೂತ ವರ್ಷಗಳವು. ಹಿರಿಯ ಸೊಸೆ ಉಚ್ಚಂಗಮ್ಮ ತನ್ನ ಪಾಲಿನಲ್ಲಿ ಕರೆಂಟಿನ ಮಿಷನ್ನುಗಳನ್ನು ಹಾಕಿಸಿದಳು. ಮೊದಲು ಬಂದು ಕೂತವಳು ಚಿನ್ನಕ್ಕ. ಪ್ಯಾಂಟಿಗೆ ಜಿಪ್ಪು ಕೂರಿಸುವುದರಲ್ಲಿ ಅವಳನ್ನು ಬಿಟ್ಟರಿಲ್ಲ. ಅದು ಹಾಗಿರಲಿ, ಇಬ್ಬರೂ ಒಂದೇ ವರ್ಷ ಈ ಓಣಿಗೆ ಸೊಸೆಯಾಗಿ ಬಂದವರು, ಒಂದೇ ನಲ್ಲಿಯಲ್ಲಿ ನೀರು ಹಿಡಿದವರು, ತಂತಮ್ಮ ಅತ್ತೆಯರನ್ನು ಬೈದು ಹಗುರಾದವರು. ಬಾಯಿ ಜೋರಿನ ಉಚ್ಚಂಗಮ್ಮನಿಗೆ ಗೆಳತಿ ಅಂತ ಉಳಿದವಳು ಅವಳೊಬ್ಬಳೇ.

ಮಂಗಳಾ ಮಡಕಶಿರಾ ಕಡೆಯವಳು. ಗುಡಿಬಂಡೆಯ ಹತ್ತಿರ ತವರು, ಹಿಪ್ಪುನೇರಳೆ ತೋಟ, ರೇಷ್ಮೆ ಹುಳ ಸಾಕುವ ಮನೆತನ. ಹುಳದ ಮನೆ ಕಾದರೆ ಹುಳ ಉಳಿಯುವುದಿಲ್ಲ. ಹಾಗಾಗಿ ಆ ಮನೆಯ ಹೆಣ್ಣುಮಕ್ಕಳಿಗೆ ರಂಗೋಲಿ ಬಾರದಿದ್ದರೂ ಮನೆ ತಂಪಿಡುವುದು ಬರುತ್ತದೆ. ಅವಳೂ ತನ್ನ ಪಾಲಿನಲ್ಲಿ ಹೊಲಿಗೆ ಮಿಷನ್ನು ಹಾಕಿಸಿ, ಬೇಸಿಗೆ ಬರುವ ಮೊದಲೇ ಅಲ್ಲಿನ ತಗಡಿಗೆ ಸುಣ್ಣ ಬಳಿಸಿದಳು, ಅದರ ಮೇಲೆ ತೆಂಗಿನ ಗರಿ ಹೊದಿಸಿದಳು, ಬಾಗಿಲಿಗೆ ಗೋಣಿಚೀಲದ ಪರದೆ ಕಟ್ಟಿ ನೀರು ಚಿಮುಕಿಸಿದಳು. ಹಿತ್ತಲ ಕಡೆಯ ಗೋಡೆಯಲ್ಲಿ, ತಗಡಿನ ಕೆಳಗೇ, ಇಟ್ಟಿಗೆ ತೆಗೆಸಿ ನಾಲ್ಕು ಕಿಂಡಿ ಮಾಡಿಸಿದಳು.

“ನಿಮ್ ಕಡೆನೂ ತೆಗೆಸ್ಬಿಡಾನ ಅಕ್ಕ” ಎಂದಿದ್ದಳು ಪಾಪ. “ಗಾಳಿ ಬರಾಕೂ ದಾರಿ ಬೇಕು, ಹೋಗಾಕೂ ದಾರಿ ಬೇಕು. ನಮ್ ಹುಳಿನ್ ಮನೇಲಿ ಹಂಗೇ ಮಾಡಾದು.”

“ನಾವೇನು ಹುಳಾನವ್ವ? ನಿನ್ನ ಗ್ವಾಡಿಗೆ ಎಷ್ಟರ ತೂತು ಹಾಕ್ಕೊ. ನನ್ನ ಗ್ವಾಡಿ ತಂಟಿಗೆ ಬರಬ್ಯಾಡ.”

ಬಂದು ಎರಡು ವರ್ಷವಾಗದ ಹುಡುಗಿಯಿಂದ ಬುದ್ಧಿ ಕಲಿಯಬೇಕೆ ಎಂಬುದು ಉಚ್ಚಂಗಮ್ಮನ ಸಿಟ್ಟು. ಮಂಗಳಾಳ ಮೈಬಣ್ಣ, ಅವಳ ನಗು, ಅವಳು ಮಾಡಿದ ಉಪ್ಪಿನಕಾಯಿಯನ್ನು ಮೈದುನ ಓಣಿಗೆಲ್ಲ ಹೊಗಳುವುದು, ಯಾವುದೂ ಇವಳಿಗೆ ಹಿಡಿಸುತ್ತಿರಲಿಲ್ಲ. ಈಗ ಅದರ ಜೊತೆ ತಂಪೂ ಸೇರಿತು.

ಬೇಸಿಗೆ ಬಂತು. ರಾಯದುರ್ಗದ ಬಿಸಿಲು ಗೊತ್ತಲ್ಲ, ಬೆಟ್ಟದ ಬಂಡೆಗಳು ಹಗಲೆಲ್ಲ ಕಾದು ಸಂಜೆ ಊರಿನ ಮೇಲೆ ಕಾರುತ್ತವೆ. ಒಂದು ಮಧ್ಯಾಹ್ನ ಚಿನ್ನಕ್ಕ ಸೆರಗಿನಿಂದ ಕತ್ತು ಒರೆಸಿಕೊಂಡು ಎದ್ದಳು.

“ತಲಿ ಸುಡಾಕತ್ತೈತಿ ಉಚ್ಚಂಗಿ. ಒಂದೀಟು ಆ ಕಡೆ ಕುಂದ್ರತೀನಿ. ಬಿಸಿಲು ಇಳಿದ ಮ್ಯಾಲೆ ಬರ್ತೀನಿ.”

“ಹೋಗು. ನಿನ್ನ ಇಲ್ಲಿ ಯಾರರ ಕಟ್ಟಿ ಹಾಕ್ಯಾರೇನು?”

ಬಿಸಿಲು ಇಳಿಯಿತು, ಚಿನ್ನಕ್ಕ ಬರಲಿಲ್ಲ. ಮರುದಿನ ನೇರ ಅಲ್ಲಿಗೇ ಹೋದಳು. ಗೋಡೆಯಾಚೆಯಿಂದ ಅವಳ ನಗು ಕೇಳಿದಾಗಲೆಲ್ಲ ಉಚ್ಚಂಗಮ್ಮನ ಹೊಲಿಗೆ ಸೊಟ್ಟಗಾಗುತ್ತಿತ್ತು. ತನ್ನ ಹತ್ತಿರ ಇಷ್ಟು ನಕ್ಕಿದ್ದಳೇ ಇವಳು ಎಂದು ಲೆಕ್ಕ ಹಾಕುತ್ತ ಕೂರುತ್ತಿದ್ದಳು.

ಹುಲಿಯನ್ನು ನೋಡಿ ನರಿ ಮೈಗೆ ಬರೆ ಹಾಕಿಕೊಂಡಿತಂತೆ. ಉಚ್ಚಂಗಮ್ಮನೂ ಗೋಣಿಚೀಲ ತಂದಳು. ಮಂಗಳಾ ಬಾಗಿಲಿಗೆ ಮಾತ್ರ ಕಟ್ಟಿದರೆ ಇವಳು ನಾಲ್ಕೂ ಸುತ್ತ ನೇತುಹಾಕಿದಳು, ಕೊಡಗಟ್ಟಲೆ ನೀರು ಸುರಿದಳು, ತಂಪು ಹೊರಗೆ ಹೋಗದಿರಲೆಂದು ಶಟರನ್ನೂ ಇಳಿಸಿದಳು. ಗ್ಯಾರೇಜು ಇಡ್ಲಿ ಪಾತ್ರೆಯಾಯಿತು. ಹೊಲಿಯುವವರ ಬೆವರು ಪ್ಯಾಂಟಿನ ಮೇಲೆ ತೊಟ್ಟಿಕ್ಕಿತು. ಸಾಲದ್ದಕ್ಕೆ ಒಂದು ಒದ್ದೆ ಗೋಣಿ ಜಾರಿ ವೈರಿನ ಮೇಲೆ ಬಿದ್ದು, ಹೊಲಿಯಲು ಬರುತ್ತಿದ್ದ ಅಂಬಮ್ಮನ ಕಾಲಿಗೆ ಪೆಡಲಿನಿಂದ ಶಾಕ್ ಹೊಡೆಯಿತು. ಪುಣ್ಯಕ್ಕೆ ಚಪ್ಪಲಿ ಹಾಕಿದ್ದಳು. ಮರುದಿನ ಅಂಬಮ್ಮನೂ ಗೋಡೆ ದಾಟಿದಳು.

ಶಾಕ್ ಹೊಡೆದಾಗಲೇ ಮಂಗಳಾ ಓಡಿ ಬಂದು ನೋಡಿ, ಬೈಯದೆ, ಮೆತ್ತಗೆ ಹೇಳಿದಳು: “ಒದ್ದೆ ಗೋಣಿ ವೈರ್ ತಾವ ಸುಳೀಬಾರ್ದು ಅಕ್ಕ. ಇನ್ನ ಮೇಲ್ಗಡೆ ಕಿಂಡಿ ಇಲ್ದಿದ್ರೆ ಎಷ್ಟ್ ನೀರ್ ಹಾಕಿದ್ರೂ ಶೆಕೇನೆ. ನಮ್ ಕಡೆ ಕಿಂಡಿ ಮುಚ್ಚಿದ್ರೆ ಅಲ್ಲೂ ಇದೇ ಪಾಡು.”

ಬೈದಿದ್ದರೆ ಉಚ್ಚಂಗಮ್ಮ ತಿರುಗಿ ಬೈದು ಹಗುರಾಗುತ್ತಿದ್ದಳು. ಬೈಯಲಿಲ್ಲವಲ್ಲ, ಅದೇ ಉರಿಯಿತು. ಹೇಳಿದ ಮಾತಿನಲ್ಲಿ ಕೊನೆಯದೊಂದು ಮಾತ್ರ ಅವಳ ಮನಸ್ಸಿನಲ್ಲಿ ನಿಂತಿತು.

ಆ ವಾರವೇ ಮಂಗಳಾಳ ತವರಿನಿಂದ ಫೋನು ಬಂತು. ಹುಳ ಹಣ್ಣಾಗಿವೆ, ಗೂಡು ಕಟ್ಟಲು ಚಂದ್ರಿಕೆಯ ಬಿದಿರು ತಟ್ಟಿಗೆ ಬಿಡಬೇಕು, ಕೈ ಸಾಲದು, ಬಾ ಎಂದರು. ಹಣ್ಣಾದ ಹುಳ ಯಾರಿಗೂ ಕಾಯುವುದಿಲ್ಲ. ಮಂಗಳಾ ಬೆಳಗಿನ ಬಸ್ಸಿಗೇ ಹೊರಟಳು. ಹೊರಡುವಾಗ ಗ್ಯಾರೇಜಿನ ಬೀಗದ ಕೈಯನ್ನು ಚಿನ್ನಕ್ಕನ ಕೈಗೆ ಕೊಟ್ಟಳು. ಚಿನ್ನಕ್ಕ ಅದನ್ನು ತನ್ನದೇ ಮನೆಯದೆಂಬಂತೆ ಸೊಂಟಕ್ಕೆ ಸಿಕ್ಕಿಸಿಕೊಂಡದ್ದನ್ನು ಉಚ್ಚಂಗಮ್ಮ ಕಟ್ಟೆಯ ಮೇಲಿಂದ ನೋಡಿದಳು. ನೋಡಬಾರದಿತ್ತು.

ಹೆಂಗಸರು ಇನ್ನೂ ಬಂದಿರಲಿಲ್ಲ. ಉಚ್ಚಂಗಮ್ಮ ಹಿತ್ತಲಿಗೆ ಹೋಗಿ, ಕಲ್ಲಿನ ಕಟ್ಟೆ ಹತ್ತಿ, ಜೀನ್ಸ್ ತುಂಡುಗಳನ್ನು ಉಂಡೆ ಕಟ್ಟಿ ನಾಲ್ಕೂ ಕಿಂಡಿಗೆ ತುರುಕಿದಳು. ಅವಳಿಗೆ ಯಾರ ಕೇಡೂ ಬೇಕಿರಲಿಲ್ಲ. ಆ ಗ್ಯಾರೇಜೂ ಎಲ್ಲರದ್ದರಂತೆ ಕಾಯಬೇಕು, ಮಂಗಳಾಳ ಹೆಚ್ಚುಗಾರಿಕೆ ಒಂದು ದಿನವಾದರೂ ಮಣ್ಣಾಗಬೇಕು, ಚಿನ್ನಕ್ಕ ಡಬ್ಬಿ ಹಿಡಿದು ವಾಪಸು ಬರಬೇಕು. ಅವಳು ಬಯಸಿದ್ದು ಇಷ್ಟೇ.

ಮಧ್ಯಾಹ್ನದವರೆಗೆ ಅವಳು ಗೋಡೆಗೆ ಕಿವಿ ಕೊಟ್ಟು ಕೂತಳು. ಆ ಕಡೆ ನಗು ನಿಂತಿತು. “ಇವತ್ತೇನು ಹಿಂಗ ಕುದಿಯಾಕತ್ತೈತಿ” ಎಂದು ಯಾರೋ ಅಂದರು. ಶೆಕೆ ಏರಿದಷ್ಟೂ ಅವರು ಪರದೆಗೆ ನೀರು ಎರಚಿದರು, ಎರಚಿದಷ್ಟೂ ಶೆಕೆ ಏರಿತು. ಈಗ ಬರುತ್ತಾಳೆ, ಇನ್ನೇನು ಬರುತ್ತಾಳೆ ಎಂದು ಉಚ್ಚಂಗಮ್ಮ ಚಿನ್ನಕ್ಕನ ಹಳೆಯ ಸ್ಟೂಲನ್ನು ಒರೆಸಿಯೂ ಇಟ್ಟಳು. ಬೀಗದ ಕೈ ಇಟ್ಟುಕೊಂಡವಳು ಜಾಗ ಬಿಟ್ಟು ಏಳುತ್ತಾಳೆಯೇ? ಅದು ಇವಳಿಗೆ ಹೊಳೆಯಲಿಲ್ಲ.

ಆಮೇಲೆ ಅಂಬಮ್ಮ ಚೀರಿದಳು. “ಯವ್ವಾ, ಚಿನ್ನಕ್ಕ ಬಿದ್ಲು! ಸ್ವಿಚ್ ಆರಿಸ್ರಿ, ಸೂಜಿ ಬೆರಳಾಗ ಹೋಗೇತಿ!”

ಉಚ್ಚಂಗಮ್ಮ ಎದ್ದಳು. ಪಕ್ಕದ ಬಾಗಿಲು ಹತ್ತು ಹೆಜ್ಜೆಯೂ ಇರಲಿಲ್ಲ. ಅವಳು ಅತ್ತ ಹೋಗಲಿಲ್ಲ. ಹಿತ್ತಲಿಗೆ ಓಡಿದಳು, ಕಟ್ಟೆ ಹತ್ತಿದಳು, ಉಗುರು ಕಿತ್ತರೂ ಲೆಕ್ಕಿಸದೆ ತುರುಕಿದ್ದನ್ನೆಲ್ಲ ಎಳೆದು ಬಿಸಾಡಿದಳು. ಒಳಗೆ ಚಿನ್ನಕ್ಕನ ಮುಖಕ್ಕೆ ನೀರು ಚಿಮುಕಿಸುತ್ತಿದ್ದ ಹೆಂಗಸರು ತಲೆಯೆತ್ತಿ ನೋಡಿದರು. ಮೇಲೆ ಒಂದೊಂದೇ ಕಿಂಡಿ ತೆರೆದು ಬೆಳಕು ಬೀಳುತ್ತಿತ್ತು. ಬೆಳಕಿನಲ್ಲಿ ಹಸಿರು ಬಳೆಯ ಕೈ ಕಾಣುತ್ತಿತ್ತು.

ಉಚ್ಚಂಗಮ್ಮ ಸುತ್ತಿ ಬಂದು ಒಳಗೆ ಕಾಲಿಟ್ಟಾಗ ಚಿನ್ನಕ್ಕ ಕಣ್ಣು ಬಿಟ್ಟು ಗೋಡೆಗೆ ಒರಗಿದ್ದಳು. ಬೆರಳಿಗೆ ಬಟ್ಟೆ ಸುತ್ತಿದ್ದರು, ರಕ್ತ ನಿಂತಿತ್ತು. ಹೆಂಗಸರೆಲ್ಲ ಉಚ್ಚಂಗಮ್ಮನ ಕೈಯ ಹಸಿರು ಬಳೆಗಳನ್ನೇ ನೋಡಿದರು.

“ಉಚ್ಚಂಗಿ,” ಚಿನ್ನಕ್ಕನೇ ಕೇಳಿದಳು, “ನಾ ಬಿದ್ದೆ ಅಂತ ಕೇಳಿದಾಕಿ ನನ್ನ ಹತ್ರ ಬರೋದು ಬಿಟ್ಟು ಹಿತ್ತಲಕ ಯಾಕ ಓಡಿದಿ?”

ಕಿಂಡಿಯಲ್ಲಿ ಇಲಿ ಇತ್ತು ಎನ್ನಬಹುದಿತ್ತು, ಗುಬ್ಬಿ ಎನ್ನಬಹುದಿತ್ತು. ಉಚ್ಚಂಗಮ್ಮನ ಬಾಯಿಂದ ಸುಳ್ಳು ಹೊರಡಲಿಲ್ಲ. “ನೀ ಅಕಿ ಕಡೆ ಹೋದಿ. ನಂಗ ತಡಕಳಾಕ ಆಗ್ಲಿಲ್ಲ” ಎಂದಳು. ಇಷ್ಟು ಜನರ ಮುಂದೆ ಅವಳು ಅತ್ತದ್ದು ಅದೇ ಮೊದಲು.

“ಅಷ್ಟು ಬೇಕಾಗಿದ್ನೇನು ನಾ ನಿನಗ?” ಚಿನ್ನಕ್ಕ ಅವಳನ್ನೇ ನೋಡಿದಳು. “ಬಾಯಿ ಬಿಟ್ಟು ಒಂದು ಮಾತು ಹೇಳಾಕ ಏನಾಗಿತ್ತು?”

ಉತ್ತರಕ್ಕೆ ಕಾಯದೆ ಅವಳು ಏಳಲು ಹೊರಟಳು. ಉಚ್ಚಂಗಮ್ಮ ಕೈ ಚಾಚಿದಳು. ಚಿನ್ನಕ್ಕ ಆ ಕೈಯನ್ನು ನೋಡಿದಳು, ಹಿಡಿಯಲಿಲ್ಲ. “ಅಂಬಮ್ಮ, ನನ್ನ ಮನಿ ಮುಟ್ಸವ್ವ” ಎಂದು ಅವಳ ಹೆಗಲಿಗೆ ತೋಳು ಹಾಕಿ, ತಲೆಯನ್ನೂ ಅಲ್ಲೇ ಇಟ್ಟು, ಮೆಲ್ಲಗೆ ಓಣಿಗೆ ಇಳಿದಳು. ಬಾಗಿಲಲ್ಲಿ ನಿಂತ ಉಚ್ಚಂಗಮ್ಮನಿಗೆ ಆ ಹೊತ್ತಿನಲ್ಲಿ ಮಂಗಳಾಳ ನೆನಪೂ ಬರಲಿಲ್ಲ. ಅವಳಿಗೆ ಅಂಬಮ್ಮನ ಆ ಹೆಗಲಿನ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು.