ಕೋತಿ ಗನ್ನು

ಪೈಪು. ಯಾರು ಕೇಳಿದರೂ ಪೈಪು ಅನ್ನಬೇಕು. ಬಂಗಾರಪೇಟೆ ಬಸ್ಸಿನಲ್ಲಿ ಕದಿರಪ್ಪ ಇದನ್ನೇ ಜಪಿಸುತ್ತ ಕೂತಿದ್ದ. ಹೆಂಡತಿಯ ಹಳೆ ಸೀರೆಯಲ್ಲಿ ಸುತ್ತಿದ ಆ ಉದ್ದನೆಯದು ಅವನ ಮೊಣಕಾಲುಗಳ ನಡುವೆ ನಿಂತಿತ್ತು.

ಬೂದಿಕೋಟೆ ಹತ್ತಿರದ ಅವನ ಕಡಲೆಕಾಯಿ ಹೊಲಕ್ಕೆ ಕೋತಿಗಳ ಕಾಟ. ಚಾಂಪಿಯನ್ ರೀಫ್ಸ್‌ನ ಪ್ಲಂಬರ್ ಸೆಲ್ವರಾಜ್ ಪಿವಿಸಿ ಪೈಪಿಗೆ ಗ್ಯಾಸ್ ಲೈಟರ್ ಕೂರಿಸಿ, ಅವನ್ನು ಓಡಿಸಲು ಇದನ್ನು ಮಾಡಿಕೊಟ್ಟಿದ್ದ. ಒಳಗೆ ಚೂರು ಕಾರ್ಬೈಡ್, ಎರಡು ಹನಿ ನೀರು. ಲೈಟರ್ ಒತ್ತಿದರೆ ಢಂ ಎಂಬ ಸದ್ದು, ಅಷ್ಟೇ.

"ಎಗಲಿಗೆ ಒತ್ತಿ ಇಡ್ಕೋಣ್ಣ, ಇಲ್ದಿದ್ರೆ ಮೂತಿಗೆ ಬಡೀತದೆ" ಎಂದು ಹತ್ತು ಸಲ ಹಿಡಿಸಿ ಕಲಿಸಿದ್ದ.

"ಇದಕ್ಕೆ ಲೈಸೆನ್ಸ್ ಬೇಕೇನಪ್ಪ?"

"ಪೈಪಿಗ್ಯಾಕಣ್ಣ ಲೈಸೆನ್ಸು? ನಿಮ್ಮನೆ ನಲ್ಲಿಗೈತಾ?"

ಆದರೂ ಕದಿರಪ್ಪನಿಗೆ ಸಮಾಧಾನವಿಲ್ಲ. ಮಗಳು ಲಿಖಿತ ಪೊಲೀಸ್ ಪರೀಕ್ಷೆ ಪಾಸಾಗಿದ್ದಳು. ಮನೆಯವರ ಮೇಲೆ ಕೇಸು ಗೀಸು ಇದೆಯೇ ಎಂದು ವಿಚಾರಿಸಲು ಠಾಣೆಯವರು ಈ ವಾರವೇ ಬರುವವರಿದ್ದರು.

"ಏನ್ ಯಜಮಾನ್ರೇ ಅದು?" ಕಂಡಕ್ಟರ್ ತಟ್ಟನೆ ಕೇಳಿದ.

"ಗನ್ನು ಸಾ."

ಊರಲ್ಲಿ ಎಲ್ಲರೂ ಇಂಥ ಪೈಪನ್ನು ಕೋತಿ ಗನ್ನು ಎಂದೇ ಕರೆಯುತ್ತಿದ್ದರು. ಬಾಯಿಗೆ ಬಂದುಬಿಟ್ಟಿತು.

"ಅಯ್ಯೋ, ತುಪ್ಪಾಕ್ಕಿ!" ಹಿಂದಿನ ಸೀಟಿನ ಹೆಂಗಸು ಕಿರುಚಿದಳು. ಪಕ್ಕದವನು ಎದ್ದು ಬಾಗಿಲಿಗೆ ಓಡಿದ.

"ಪೈಪು ಸಾ! ಕೋತಿ ಓಡ್ಸಾದು!" ಎಂದು ಕದಿರಪ್ಪ ಕೂಗಿಕೊಂಡ. ಈಗ ಯಾರು ನಂಬುತ್ತಾರೆ?

ಬಂಗಾರಪೇಟೆ ನಿಲ್ದಾಣದಲ್ಲಿ ಕಂಡಕ್ಟರ್ ಅವನನ್ನು ನೇರವಾಗಿ ಒಬ್ಬ ಪೇದೆಯ ಮುಂದೆ ನಿಲ್ಲಿಸಿದ. ಸುತ್ತ ಜನ ಸೇರಿದರು. ಕದಿರಪ್ಪ ಸುತ್ತಿದ್ದ ಸೀರೆಯ ಗಂಟು ಬಿಚ್ಚಿದ. ಬಿಳಿ ಪೈಪು, ನೀಲಿ ಲೈಟರ್ ಕಂಡಿದ್ದೇ ಯಾರೋ ನಕ್ಕರು.

"ಇದನ್ನ ಬಸ್ಸಲ್ಲಿ ತರಬೋದೇನಯ್ಯಾ?" ಪೇದೆ ಕೇಳಿದ.

"ಗೊತ್ತಿಲ್ಲ ಸಾ. ತರಬೋದಾ ಸಾ?"

ಪೇದೆ ಕುತ್ತಿಗೆ ಕೆರೆದುಕೊಂಡ. ಅವನಿಗೂ ಗೊತ್ತಿದ್ದಂತಿರಲಿಲ್ಲ. "ಸಾಹೇಬ್ರಿಗೆ ಒಂದು ಫೋಟೋ ಕಳಿಸ್ತೀನಿ, ಅವ್ರೇ ಹೇಳ್ಲಿ. ಹೆಸ್ರು, ಊರು ಹೇಳು. ಅದನ್ನ ಸರಿಯಾಗಿ ಇಡ್ಕೊಂಡು ನಿಂತ್ಕೋ."

ಕದಿರಪ್ಪ ಹೆಸರು ಹೇಳಿದ, ಊರು ಹೇಳಿದ. ಸರಿಯಾಗಿ ಎಂದರೆ ಅವನಿಗೆ ಗೊತ್ತಿದ್ದದ್ದು ಒಂದೇ ರೀತಿ. ಕೈ ತಾನಾಗಿ ಪೈಪನ್ನು ಎತ್ತಿ ಹೆಗಲಿಗೆ ಒತ್ತಿತು, ಒಂದು ಕಣ್ಣು ಮುಚ್ಚಿಕೊಂಡಿತು.

ಎದುರಿಗಿದ್ದ ಜನ ಚದುರಿ ಓಡಿದರು. ಫೋನು ಕ್ಲಿಕ್ಕೆಂದಿತು.

"ಬೇಡ ಸಾ, ಇನ್ನೊಂದು ತೆಗೀರಿ ಸಾ" ಎಂದ ಕದಿರಪ್ಪ, ಪೈಪು ಕೆಳಗಿಳಿಸಿ.

"ಸಾಹೇಬ್ರಿಗೆ ಆಗ್ಲೇ ಓಯ್ತಪ್ಪ" ಎಂದ ಪೇದೆ.